ಪ್ರಶ್ನೆಯನ್ನು ತಿರುಗಿಸಿದರೆ ಬೆಟ್ಟ ಉಳಿಯದು

ಕೆಲವು ವರ್ಷಗಳ ಹಿಂದೆ ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಬಳಗದ ಸಭೆ ನಡೆಯಿತು. ಅರಳಿಕಟ್ಟೆಯ ಸುತ್ತ ಐವತ್ತು ಅರವತ್ತು ಜನ ಸೇರಿದ್ದರು. ಕಲ್ಲುಗಣಿಯ ಸ್ಫೋಟ, ದೂಳು, ಬಿರುಕು ಬಿಟ್ಟ ಮನೆಗೋಡೆಗಳು, ಬತ್ತಿದ ಕೊಳವೆಬಾವಿಗಳ ಕುರಿತ ಮಾತುಗಳೆಲ್ಲ ಮುಗಿದ ಮೇಲೆ ಪದವಿ ತರಗತಿಯ ಹುಡುಗನೊಬ್ಬ ಎದ್ದು ನಿಂತ. “ಸಾರ್, ನಮ್ಮಪ್ಪ ಕ್ರಷರ್‌ನಲ್ಲಿ ಕೂಲಿ ಮಾಡ್ತಾರೆ. ಗಣಿ ನಿಂತ್ರೆ ಅವರು ಎಲ್ಲಿಗೆ ಹೋಗ್ಬೇಕು? ಇಲ್ಲಿ ಕಲ್ಲು ತೆಗೀಬಾರದು ಅಂದ್ರೆ ಮನೆ ಕಟ್ಟೋಕೆ ಕಲ್ಲು ಎಲ್ಲಿಂದ ಬರ್ಬೇಕು?” ಎಂದು ಕೇಳಿದ.

ನಮ್ಮವರೊಬ್ಬರು ಥಟ್ಟನೆ, “ನಿನ್ನನ್ನ ಯಾರಪ್ಪ ಕಳಿಸಿದ್ದು? ಗಣಿ ಮಾಲೀಕರಾ?” ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಹುಡುಗ ತಲೆ ತಗ್ಗಿಸಿ ಕುಳಿತ. ಸ್ವಲ್ಪ ಹೊತ್ತಿಗೆ ಎದ್ದು ಹೋದ. ಆಮೇಲೆ ನಮ್ಮ ಯಾವ ಸಭೆಯಲ್ಲಿಯೂ ನಾನು ಅವನನ್ನು ಕಾಣಲಿಲ್ಲ.

ಅಂದು ನಾವು ಮಾಡಿದ್ದೇನು? ಕೇಳಿದ್ದು ಎರಡು ಪ್ರಶ್ನೆ. ಎರಡಕ್ಕೂ ನಾವು ಉತ್ತರ ಹೇಳಲಿಲ್ಲ. ಪ್ರಶ್ನೆಯನ್ನೇ ತಿರುಗಿಸಿ ಕೇಳಿದವನ ಎದೆಗೆ ಗುರಿಯಿಟ್ಟೆವು. ಈ ವಿದ್ಯೆಯನ್ನು ನಮ್ಮ ಎದುರಾಳಿಗಳು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಅದರ ಪೆಟ್ಟನ್ನು ನಾವು ತಿಂದಿದ್ದೇವೆ. ಅದೇ ವಿದ್ಯೆ ನಮಗೂ ಕರಗತವಾಗಿದೆ ಎಂಬುದನ್ನು ಮಾತ್ರ ನಾವು ಒಪ್ಪಿಕೊಂಡಿಲ್ಲ. ಆದ್ದರಿಂದ ಈ ಲೇಖನದಲ್ಲಿ ಮೊದಲು ಅವರ ಮಾತು, ಅನಂತರ ನಮ್ಮ ಮಾತು.

ತಿರುಗುಬಾಣದ ನಾಲ್ಕು ಬಗೆ

ಈ ತಂತ್ರ ಮುಖ್ಯವಾಗಿ ನಾಲ್ಕು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು, ಕೇಳಿದವನನ್ನೇ ಅಪರಾಧಿಯನ್ನಾಗಿಸುವುದು: ಬೆಟ್ಟ ಒಡೆಯಬೇಡಿ ಎಂದವನು “ಬಡವರ ಅನ್ನ ಕಸಿಯುವವನು” ಆಗುತ್ತಾನೆ. ಎರಡು, ಸಾಬೀತುಪಡಿಸುವ ಹೊಣೆಯನ್ನು ಎದುರಿನವನ ಹೆಗಲಿಗೆ ಹಾಕುವುದು: “ಅಪಾಯವಿಲ್ಲವೆಂದು ನಾವೇಕೆ ತೋರಿಸಬೇಕು? ಅಪಾಯವಿದೆಯೆಂದು ನೀವೇ ತೋರಿಸಿ.” ಮೂರು, ಎಲ್ಲರ ಮನೆಯ ದೋಸೆಯೂ ತೂತು ಎಂದು ತೋರಿಸಿ ಪಾರಾಗುವುದು: “ನಿಮ್ಮ ಮನೆಯ ಅಡಿಪಾಯಕ್ಕೆ ಹಾಕಿದ್ದು ಯಾವ ಬೆಟ್ಟದ ಕಲ್ಲು?” ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಅದು ಟೀಕೆಯನ್ನೇ ತನ್ನ ಸತ್ಯಕ್ಕೆ ಪ್ರಮಾಣಪತ್ರವಾಗಿಸಿಕೊಳ್ಳುತ್ತದೆ: “ನಮ್ಮನ್ನು ಇಷ್ಟು ವಿರೋಧಿಸುತ್ತಿದ್ದಾರೆಂದರೆ ನಾವು ಸರಿದಾರಿಯಲ್ಲಿದ್ದೇವೆ ಎಂದೇ ಅರ್ಥ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆ. ಈ ನಾಲ್ಕನೆಯ ಬಗೆಯವರ ಕೈಗೆ ಸಿಕ್ಕರೆ ಆ ಗಾದೆಗೂ ಬಿಡುಗಡೆಯಿಲ್ಲ. ಹೆಗಲು ಮುಟ್ಟಿಕೊಂಡರೆ ಕಳ್ಳ. ಮುಟ್ಟಿಕೊಳ್ಳದಿದ್ದರೆ ಪಳಗಿದ ಕಳ್ಳ. ಯಾವ ಉತ್ತರದಿಂದಲೂ ಸುಳ್ಳಾಗದ ಆರೋಪದಲ್ಲಿ ವಿಚಾರವೆಂಬುದು ಇರುವುದಿಲ್ಲ.

ಕನ್ನಂಬಾಡಿ ಮತ್ತು ಬೇಬಿ ಬೆಟ್ಟ

ನಮ್ಮ ನಾಲ್ಕು ತಾಲ್ಲೂಕುಗಳ ಬದುಕಿನ ಮೂಲವೇ ಆಗಿರುವ ಕೃಷ್ಣರಾಜಸಾಗರದ ಸಂಗತಿಯನ್ನೇ ನೋಡೋಣ. 1911ರಲ್ಲಿ ಕೆಲಸ ಆರಂಭವಾದ ಈ ಅಣೆಕಟ್ಟೆ ಸಿಮೆಂಟಿನದಲ್ಲ. ಕಲ್ಲು ಮತ್ತು ಸುರ್ಕಿ ಗಾರೆಯ ಕಟ್ಟಡ. ಗರಿಷ್ಠ ನೀರಿನ ಮಟ್ಟ 124.80 ಅಡಿ, ಸಂಗ್ರಹ ಸುಮಾರು 49 ಟಿಎಂಸಿ. ವಿಶ್ವೇಶ್ವರಯ್ಯ ನಾಲೆಯ ಭತ್ತ ಕಬ್ಬಿನಿಂದ ಮೊದಲುಗೊಂಡು ಬೆಂಗಳೂರಿನ ಕುಡಿಯುವ ನೀರಿನವರೆಗೆ ಎಲ್ಲವೂ ಇದರ ಮೇಲೆ ನಿಂತಿದೆ. ಇಲ್ಲಿಂದ ಸುಮಾರು ಹತ್ತು ಕಿ.ಮೀ. ದೂರದಲ್ಲಿ, ದನಗಳ ಜಾತ್ರೆಗೆ ಹೆಸರಾದ ಬೇಬಿ ಬೆಟ್ಟವಿದೆ. ಆ ಬೆಟ್ಟದ ಸುತ್ತ ಹಲವು ವರ್ಷ ಕಲ್ಲುಗಣಿಗಳೂ ಕ್ರಷರ್‌ಗಳೂ ನಡೆದವು.

2018ರ ಸೆಪ್ಟೆಂಬರ್‌ನಲ್ಲಿ ಈ ಭಾಗದಲ್ಲಿ ಭಾರಿ ಸದ್ದು ಕೇಳಿಸಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಅದನ್ನು ಕಲ್ಲುಗಣಿಯ ಸ್ಫೋಟದೊಂದಿಗೆ ಸಂಬಂಧಿಸಿ, ಅಣೆಕಟ್ಟೆಯ ಸುತ್ತ 15ರಿಂದ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಸಲ್ಲದೆಂದು ಸಲಹೆ ನೀಡಿತು. ಅಂದರೆ, ಸರ್ಕಾರದ್ದೇ ಸಂಸ್ಥೆಯೊಂದು ಪ್ರಶ್ನೆಯನ್ನು ಎತ್ತಿತ್ತು. ಅದಕ್ಕೆ ಅಳತೆಯ, ಅಧ್ಯಯನದ ಉತ್ತರ ಬರಬೇಕಾಗಿತ್ತು.

ಬಂದದ್ದೇನು? 2021ರ ಜುಲೈನಲ್ಲಿ ಅಂದಿನ ಮಂಡ್ಯದ ಸಂಸದೆ ಸುಮಲತಾ ಅಂಬರೀಶ್ ಅವರು ಅಕ್ರಮ ಗಣಿಗಾರಿಕೆಯಿಂದ ಅಣೆಕಟ್ಟೆಗೆ ಅಪಾಯವಿದೆಯೆಂದು ಮಾತನಾಡಿದರು. ಅಣೆಕಟ್ಟೆ ಸೋರುತ್ತಿದ್ದರೆ ಅವರನ್ನೇ ಅಡ್ಡ ಮಲಗಿಸಬೇಕು ಎಂಬರ್ಥದ ಮಾತು ಎಚ್.ಡಿ. ಕುಮಾರಸ್ವಾಮಿಯವರಿಂದ ಬಂತು. ಅತ್ತ ಕಡೆಯಿಂದ, ವಿರೋಧಿಸುವವರೆಲ್ಲ ಗಣಿಗೆ ರಕ್ಷಕರು ಎಂಬ ಧ್ವನಿಯ ಮಾತು ಬಂತು. ಕೆಲವೇ ದಿನಗಳಲ್ಲಿ ಅಣೆಕಟ್ಟೆ ಮರೆಯಾಗಿ ವ್ಯಕ್ತಿಗಳು ಮುಂದೆ ಬಂದರು. ಯಾರು ಯಾರಿಗೆ ಅವಮಾನ ಮಾಡಿದರು ಎಂಬುದೇ ಚರ್ಚೆಯಾಯಿತು. ಒಂದು ಸ್ಫೋಟಕ್ಕೆ ಎಷ್ಟು ಮದ್ದು ಬಳಸುತ್ತಾರೆ, ಎಷ್ಟು ದೂರದಲ್ಲಿ ನೆಲ ಎಷ್ಟು ವೇಗದಲ್ಲಿ ಕಂಪಿಸುತ್ತದೆ, ನೂರು ವರ್ಷದ ಗಾರೆ ಅದನ್ನು ಎಷ್ಟು ಸಲ ತಾಳಬಲ್ಲದು ಎಂಬ ಪ್ರಶ್ನೆಗಳನ್ನು ಹಿಡಿದು ನಿಂತವರು ಬೆರಳೆಣಿಕೆಯ ಮಂದಿ.

ಇಲ್ಲಿ ನಮ್ಮ ಪಾಲಿನ ತಪ್ಪನ್ನೂ ಹೇಳಬೇಕು. ಅಣೆಕಟ್ಟೆಯಲ್ಲಿ ಬಿರುಕಿಲ್ಲವೆಂದು ನೀರಾವರಿ ನಿಗಮದ ಅಧಿಕಾರಿಗಳು ಆಗ ಸ್ಪಷ್ಟಪಡಿಸಿದ್ದರು. ನಮ್ಮಲ್ಲಿ ಕೆಲವರು ಬಿರುಕಿದೆಯೆಂದು ಹೇಳುತ್ತಲೇ ಹೋದರು. ಆಧಾರ ಕೇಳಿದರೆ, “ಅಧಿಕಾರಿಗಳು ಅಲ್ಲಗಳೆಯುತ್ತಿರುವುದೇ ಆಧಾರ” ಎಂದರು. ನಾನು ಮೇಲೆ ಹೇಳಿದ ನಾಲ್ಕನೆಯ ಬಗೆ ಇದೇ. ಗಣಿ ನಿಲ್ಲಿಸಿ ಎಂದು ಕೇಳುವುದಕ್ಕೆ ಅಣೆಕಟ್ಟೆ ಈಗಾಗಲೇ ಬಿರುಕು ಬಿಟ್ಟಿರಬೇಕಾಗಿಲ್ಲ. ಬಿರುಕು ಬಿಡುವವರೆಗೆ ಕಾಯಬಾರದೆಂಬುದೇ ನಮ್ಮ ವಾದ. ಆ ಗಟ್ಟಿಯಾದ ವಾದವನ್ನು ಬಿಟ್ಟು ಟೊಳ್ಳು ವಾದವನ್ನು ಹಿಡಿದದ್ದರಿಂದ, ಬಿರುಕಿಲ್ಲವೆಂಬ ಒಂದೇ ಮಾತಿನಿಂದ ನಮ್ಮನ್ನು ಸುಮ್ಮನಾಗಿಸುವುದು ಸುಲಭವಾಯಿತು.

ಪ್ರಾಯೋಗಿಕ ಸ್ಫೋಟ ಮತ್ತು ವಿಜ್ಞಾನದ ಹೆಸರು

2022ರ ಜುಲೈನಲ್ಲಿ ಧನಬಾದ್‌ನ ವಿಜ್ಞಾನಿಗಳಿಂದ ಬೇಬಿ ಬೆಟ್ಟದಲ್ಲಿ ಪ್ರಾಯೋಗಿಕ ಸ್ಫೋಟ ಮಾಡಿಸುವ ಸಿದ್ಧತೆ ನಡೆಯಿತು. ರೈತರು ಬೀದಿಗಿಳಿದು ತಡೆದರು. 2024ರ ಜುಲೈನಲ್ಲಿ ಮತ್ತೆ ಸಿದ್ಧತೆ ನಡೆದಾಗ ಮತ್ತೆ ವಿರೋಧ ಎದ್ದಿತು. ಇಂಥ ಸಂದರ್ಭದಲ್ಲಿ ಎದುರಾಗುವ ಚುಚ್ಚುಮಾತು ನಮಗೆಲ್ಲ ಪರಿಚಿತವೇ: “ಅಪಾಯವೆಂದು ಕೂಗುವವರೂ ನೀವೇ, ಪರೀಕ್ಷೆ ಬೇಡವೆನ್ನುವವರೂ ನೀವೇ. ನೀವು ವಿಜ್ಞಾನದ ವಿರೋಧಿಗಳು.”

ಈ ಮಾತು ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದ್ದರಿಂದ ಇದಕ್ಕೆ ಬೈಗುಳದ ಉತ್ತರ ಸಾಲದು. ನಾನು ಇಪ್ಪತ್ತು ವರ್ಷದಿಂದ ಹೊಲದಲ್ಲಿ ಪ್ರಯೋಗದ ತಾಕುಗಳನ್ನು ಹಾಕುತ್ತ ಬಂದವನು. ನಮ್ಮಲ್ಲಿ ಪ್ರಾತ್ಯಕ್ಷಿಕೆಯ ತಾಕು ಬೇರೆ, ಪ್ರಯೋಗದ ತಾಕು ಬೇರೆ. ಪ್ರಾತ್ಯಕ್ಷಿಕೆಯಲ್ಲಿ ಫಲವನ್ನು ಮೊದಲೇ ನಿಶ್ಚಯಿಸಿಕೊಂಡು, ಒಳ್ಳೆಯ ನೆಲ, ಒಳ್ಳೆಯ ಬೀಜ, ಒಳ್ಳೆಯ ಆರೈಕೆ ಕೊಟ್ಟು ರೈತರಿಗೆ ತೋರಿಸುತ್ತೇವೆ. ಪ್ರಯೋಗದಲ್ಲಿ ಹೋಲಿಕೆಯ ತಾಕು ಇರಲೇಬೇಕು. ಒಂದೇ ಉಪಚಾರವನ್ನು ಹಲವು ತಾಕುಗಳಲ್ಲಿ ಪುನರಾವರ್ತಿಸಬೇಕು. ಯಾವ ತಾಕಿಗೆ ಯಾವ ಉಪಚಾರ ಎಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿ ನಿರ್ಧರಿಸಬೇಕು. ಒಂದು ಹಂಗಾಮಿನ ಫಲವನ್ನು ನಂಬಬಾರದು. ಅಲ್ಪ ಮದ್ದಿನಿಂದ, ಹಗಲು ಹೊತ್ತಿನಲ್ಲಿ, ತಜ್ಞರ ಕಣ್ಣೆದುರು ಮಾಡುವ ನಾಲ್ಕಾರು ಸ್ಫೋಟಗಳು ಪ್ರಾತ್ಯಕ್ಷಿಕೆಗೆ ಹತ್ತಿರವಾದವು. ಗಣಿಯಲ್ಲಿ ವರ್ಷಾನುಗಟ್ಟಲೆ, ಯಾರೂ ಅಳೆಯದ ಹೊತ್ತಿನಲ್ಲಿ ನಡೆಯುವ ಸ್ಫೋಟಗಳನ್ನು ಅವು ಪ್ರತಿನಿಧಿಸಲಾರವು.

ಆದರೆ ಇಷ್ಟಕ್ಕೇ ನಿಂತರೆ ನಾವೂ ಜಾರಿಕೊಂಡಂತೆಯೇ ಆಯಿತು. ಈ ಪರೀಕ್ಷೆ ಬೇಡವೆಂದರೆ ಯಾವ ಪರೀಕ್ಷೆ ಬೇಕೆಂದು ಹೇಳುವ ಹೊಣೆ ನಮ್ಮದು. ಅಣೆಕಟ್ಟೆಯ ತಳದಲ್ಲಿಯೂ ಮೇಲ್ಭಾಗದಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಕಂಪನಮಾಪಕಗಳು ವರ್ಷವಿಡೀ ಇರಲಿ. ಜಲಾಶಯ ತುಂಬಿದಾಗಿನ, ಇಳಿದಾಗಿನ ಸಹಜ ಚಲನೆ ಮೊದಲು ದಾಖಲಾಗಲಿ. ಗಾರೆಯ ಬಲವನ್ನು ಅಳೆಯಲಿ. ಇಂಥದೇ ಶಿಲೆಯಿರುವ, ಅಣೆಕಟ್ಟೆಯಿಲ್ಲದ ಕಡೆ ನಡೆಯುತ್ತಿರುವ ಗಣಿಗಳ ನಿಜವಾದ ಸ್ಫೋಟಗಳನ್ನು ಅಳೆದು ಹೋಲಿಸಲಿ. ಅಂಕಿ ಅಂಶಗಳನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸಲಿ. ಹೀಗೆ ಹೇಳಿದಾಗ “ವಿಜ್ಞಾನ ವಿರೋಧಿ” ಎಂಬ ಮಾತಿಗೆ ನೆಲೆಯಿರುವುದಿಲ್ಲ.

2024ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು, 2021ರ ಅಣೆಕಟ್ಟೆ ಸುರಕ್ಷತಾ ಕಾಯಿದೆಯಡಿ ಅಧ್ಯಯನವಾಗುವವರೆಗೆ ಕೃಷ್ಣರಾಜಸಾಗರದ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಯಕೂಡದೆಂದು ಆದೇಶಿಸಿತು. ಮೊದಲು ಅಧ್ಯಯನ, ಆಮೇಲೆ ಮುಂದಿನ ಮಾತು ಎಂಬ ಈ ಕ್ರಮವನ್ನು ನಾವು ಗಮನಿಸಬೇಕು.

ಹೊಣೆ ಯಾರದು?

ಸಾಬೀತಿನ ಹೊಣೆ ಯಾರ ಮೇಲಿರಬೇಕೆಂಬುದಕ್ಕೆ ಒಂದು ನ್ಯಾಯವಿದೆ. 1996ರಲ್ಲಿ ತಮಿಳುನಾಡಿನ ಚರ್ಮ ಹದಗಾರಿಕೆಯ ಮಾಲಿನ್ಯ ಕುರಿತ ವೆಲ್ಲೂರು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮುನ್ನೆಚ್ಚರಿಕೆಯ ತತ್ತ್ವವನ್ನು ನಮ್ಮ ದೇಶದ ಕಾನೂನಿನ ಭಾಗವೆಂದು ಸಾರಿತು. ಪರಿಸರಕ್ಕೆ ಧಕ್ಕೆಯಾಗುವ ಸಂಭವವಿರುವ ಕೆಲಸ ಮಾಡುವವನೇ, ತನ್ನ ಕೆಲಸ ನಿರಪಾಯವೆಂದು ತೋರಿಸಬೇಕು. ಲಾಭ ಅವನದು, ಅಪಾಯ ಊರಿನದು. ಆದ್ದರಿಂದ ಹೊಣೆಯೂ ಅವನದೇ.

ಈ ತತ್ತ್ವವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದನ್ನು ಕಾಸರಗೋಡಿನ ನಮ್ಮ ಕನ್ನಡ ಹಳ್ಳಿಗಳು ಬಲ್ಲವು. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಊರಿನಲ್ಲಿ ಕಾಣುತ್ತಿದ್ದ ಕಾಯಿಲೆಗಳ ಬಗ್ಗೆ ಪ್ರಶ್ನೆ ಎತ್ತಿದರು. ಕಾಯಿಲೆಗೂ ವಿಷಕ್ಕೂ ಸಂಬಂಧವಿದೆಯೆಂದು ನೀವೇ ಸಾಬೀತು ಮಾಡಿ ಎಂಬ ಮಾತು ಒಂದು ಕಡೆಯಿಂದ ಬಂತು. ಇದೆಲ್ಲ ಯುರೋಪಿನ ಕಂಪನಿಗಳ ಹಿತಕ್ಕಾಗಿ ನಡೆಯುತ್ತಿರುವ ಪಿತೂರಿ ಎಂದು ಉದ್ಯಮದವರು ಹೇಳಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆ ನೀಡುವ ಹೊತ್ತಿಗೆ ಒಂದು ತಲೆಮಾರು ಬೆಲೆ ತೆತ್ತಾಗಿತ್ತು. ನನ್ನ ವೃತ್ತಿಬಾಂಧವರಲ್ಲಿ ಅನೇಕರು ಅಂದು ವಿಷದ ಪರವಾಗಿ ನಿಂತಿದ್ದರು ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಆದರೆ ಮುನ್ನೆಚ್ಚರಿಕೆಯ ತತ್ತ್ವ ನಮಗೆ ಎಲ್ಲದಕ್ಕೂ ಸಿಕ್ಕ ಪರವಾನಗಿಯಲ್ಲ. ಅಪಾಯದ ಕೆಲಸ ಮಾಡುವವನು ನಿರಪಾಯವನ್ನು ತೋರಿಸಬೇಕು, ನಿಜ. ಆದರೆ “ಇದು ನಡೆದಿದೆ” ಎಂದು ಹೇಳುವವನು ನಡೆದುದಕ್ಕೆ ಆಧಾರ ತೋರಿಸಬೇಕು. “ಇಂಥವನು ಹಣ ತಿಂದಿದ್ದಾನೆ” ಎನ್ನುವವನು ಅದಕ್ಕೆ ಸಾಕ್ಷಿ ಕೊಡಬೇಕು. ಈ ಎರಡು ಹೊಣೆಗಳನ್ನು ನಾವು ಒಂದರೊಳಗೊಂದು ಬೆರೆಸಬಾರದು.

ಇದಕ್ಕೆ ಇತ್ತೀಚಿನ ನಿದರ್ಶನ ನಮ್ಮ ಮಗ್ಗುಲಲ್ಲೇ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಸುಲ್ತಾನನು ಬ್ರಿಟಿಷ್ ಸೈನ್ಯದೊಡನೆ ಹೋರಾಡುತ್ತ ಮಡಿದನೆಂಬುದು ಇತಿಹಾಸ. ಅವನನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಎಂಬ ಮಾತು 2022–23ರಲ್ಲಿ ರಂಗದ ಮೇಲೆಯೂ ರಾಜಕೀಯ ವೇದಿಕೆಗಳಲ್ಲಿಯೂ ಮೊಳಗಿತು. 2023ರ ಮಾರ್ಚ್‌ನಲ್ಲಿ ಮಂಡ್ಯದ ಸ್ವಾಗತ ಕಮಾನಿನ ಮೇಲೂ ಆ ಹೆಸರುಗಳು ಕಾಣಿಸಿಕೊಂಡು ಮರೆಯಾದವು. ಶಾಸನವೆಲ್ಲಿ, ದಾಖಲೆಯೆಲ್ಲಿ ಎಂದು ಕೇಳಿದ ಇತಿಹಾಸಕಾರರನ್ನು, ಅವರಿರಲಿಲ್ಲವೆಂದು ನೀವೇ ತೋರಿಸಿ ಎಂದು ಕೇಳುವ ವಾದವೂ ಹುಟ್ಟಿತು. ಇಲ್ಲದುದನ್ನು ಇಲ್ಲವೆಂದು ತೋರಿಸುವುದು ಹೇಗೆ? ಕೊನೆಗೆ ಈ ಚರ್ಚೆಗೆ ತಡೆ ಬಿದ್ದದ್ದು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಪೀಠದಿಂದ. ಆಧಾರಗಳಿದ್ದರೆ ತಂದೊಪ್ಪಿಸಿ, ತಜ್ಞರು ಪರಿಶೀಲಿಸಲಿ, ಅಲ್ಲಿಯವರೆಗೆ ಸುಮ್ಮನಿರಿ ಎಂಬ ಅರ್ಥದ ಮಾತನ್ನು ನಿರ್ಮಲಾನಂದನಾಥ ಸ್ವಾಮೀಜಿಯವರು ಹೇಳಿದರು. ಘೋಷಣೆಯಾಗಿದ್ದ ಚಲನಚಿತ್ರವೂ ನಿಂತಿತು. ಹೊಣೆಯನ್ನು ಅದು ಇರಬೇಕಾದ ಹೆಗಲಿಗೆ ಮರಳಿಸಿದ್ದೇ ಅಲ್ಲಿ ನಡೆದ ಮುಖ್ಯ ಕೆಲಸ.

ನಮ್ಮ ಅಂಗಳದ ಕಸ

ಇನ್ನು ನಮ್ಮ ಮಾತು. ಸಾವಯವ ಕೃಷಿ, ಶೂನ್ಯ ಬಂಡವಾಳದ ಕೃಷಿಗಳನ್ನು ನಮ್ಮ ಬಳಗದ ಹಲವರು ಶ್ರದ್ಧೆಯಿಂದ ಮಾಡುತ್ತಿದ್ದಾರೆ. ನನಗೂ ಅದರಲ್ಲಿ ಗೌರವವಿದೆ. 2019ರಲ್ಲಿ ದೇಶದ ಕೃಷಿ ವಿಜ್ಞಾನಗಳ ಅಕಾಡೆಮಿಯವರು ಶೂನ್ಯ ಬಂಡವಾಳದ ಕೃಷಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಆಕ್ಷೇಪಿಸಿದರು. ಆಗ ನಮ್ಮ ಸಭೆಗಳಲ್ಲಿ ಕೇಳಿಬಂದ ಉತ್ತರ ಒಂದೇ: ಅವರೆಲ್ಲ ಗೊಬ್ಬರದ ಕಂಪನಿಗಳ ಏಜೆಂಟರು. ಕಂಪನಿಗಳ ಹಣ ಸಂಶೋಧನೆಯ ಮೇಲೆ ಪ್ರಭಾವ ಬೀರುತ್ತದೆ ಎಂಬುದು ಸುಳ್ಳಲ್ಲ, ಅದನ್ನು ಕೇಳಲೇಬೇಕು. ಆದರೆ ಹಸುವಿನ ಸಗಣಿ ಗಂಜಲದಿಂದ ಒಂದು ಎಕರೆ ರಾಗಿಗೆ ಎಷ್ಟು ಸಾರಜನಕ ದೊರೆಯುತ್ತದೆ, ಮೊದಲ ಮೂರು ವರ್ಷ ಇಳುವರಿ ಇಳಿದರೆ ಸಣ್ಣ ರೈತ ಸಾಲ ತೀರಿಸುವುದು ಹೇಗೆ ಎಂಬ ಪ್ರಶ್ನೆ, ಕೇಳಿದವನು ಏಜೆಂಟನಾದರೂ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಕಾಗಿರುವುದು ಅಕಾಡೆಮಿಗಲ್ಲ, ಕೃಷ್ಣರಾಜಪೇಟೆಯ ಒಣಭೂಮಿಯ ರೈತನಿಗೆ.

ತಿರುಗಿ ಪ್ರಶ್ನಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. “ಇದರಿಂದ ಯಾರಿಗೆ ಲಾಭ?” ಎಂಬುದು ಚಳವಳಿಯ ಮೂಲ ಪ್ರಶ್ನೆ. ಅದನ್ನು ಬಿಟ್ಟರೆ ನಾವು ಬರಿಯ ಅರ್ಜಿ ಬರೆಯುವವರಾಗುತ್ತೇವೆ. ಹಾಗಾದರೆ ನ್ಯಾಯವಾದ ಮರುಪ್ರಶ್ನೆಗೂ ಜಾರಿಕೊಳ್ಳುವ ಮರುಪ್ರಶ್ನೆಗೂ ವ್ಯತ್ಯಾಸವೇನು? ನನಗೆ ತೋಚಿದ ಒರೆಗಲ್ಲು ಒಂದೇ: ಮಾತು ಮುಗಿದ ಮೇಲೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಸಿಕ್ಕಿದ್ದರೆ, ಆಮೇಲೆ ಎಷ್ಟು ಮರುಪ್ರಶ್ನೆ ಕೇಳಿದರೂ ಸಲ್ಲುತ್ತದೆ. ಸಿಗದಿದ್ದರೆ, ನಮ್ಮ ಮಾತು ಎಷ್ಟೇ ಚುರುಕಾಗಿದ್ದರೂ ನಾವು ಓಡಿಹೋದವರೇ.

ಜಾರಿಕೊಂಡವರಿಗೆ ಸಭೆಯಲ್ಲಿ ಚಪ್ಪಾಳೆ ಸಿಗುತ್ತದೆ. ಆದರೆ ಗಣಿ ಮಾಲೀಕನು ಪ್ರಶ್ನೆಯನ್ನು ತಿರುಗಿಸಿದರೆ ಅವನಿಗೆ ನಷ್ಟವೇನೂ ಇಲ್ಲ. ಅವನ ಬಳಿ ಹಣವಿದೆ, ಯಂತ್ರವಿದೆ. ನಮ್ಮ ಬಳಿ ಇರುವುದು ಜನರ ನಂಬಿಕೆಯೊಂದೇ. ಅದನ್ನು ಚಪ್ಪಾಳೆಗೆ ಮಾರಿಕೊಂಡರೆ ಮತ್ತೆ ಕೊಳ್ಳಲು ಯಾವ ಸಂತೆಯಲ್ಲಿಯೂ ದೊರೆಯದು.

ಆ ಹುಡುಗನಿಗೆ ಉತ್ತರ

ತಡವಾದರೂ ಆ ಹುಡುಗನಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಹೇಳುತ್ತೇನೆ.

ತಮ್ಮಾ, ನಿನ್ನ ಪ್ರಶ್ನೆ ಸರಿಯಾದುದು. ಕ್ರಷರಿನ ದೂಳಿನ ಮೊದಲ ಬಲಿ ನಮ್ಮ ಹಿಪ್ಪುನೇರಳೆ ಸೊಪ್ಪಲ್ಲ, ನಿಮ್ಮ ತಂದೆಯವರ ಶ್ವಾಸಕೋಶ. ಕಲ್ಲಿನ ಸಣ್ಣ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಆದ್ದರಿಂದ ಗಣಿಯ ಪ್ರಶ್ನೆಯಲ್ಲಿ ನಿಮ್ಮ ತಂದೆ ನಮ್ಮ ಎದುರಾಳಿಯಲ್ಲ. ಗಣಿ ನಿಂತಾಗ ಅವರ ಗತಿಯೇನೆಂದು ನಾವು ಮೊದಲೇ ಯೋಚಿಸದೆ ಹೋದದ್ದು ನಮ್ಮ ಲೋಪ. 2015ರ ಕಾನೂನು ತಿದ್ದುಪಡಿಯ ಬಳಿಕ ಗಣಿ ಬಾಧಿತ ಜನರ ಹಿತಕ್ಕೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರಚನೆಯಾಗಿವೆ. ಆ ಬಗೆಯ ಹಣ ರಸ್ತೆಗೂ ಕಟ್ಟಡಕ್ಕೂ ಹೋಗುವ ಮೊದಲು ಕೆಲಸ ಕಳೆದುಕೊಂಡ ಕೂಲಿಯವರ ತಪಾಸಣೆಗೆ, ಚಿಕಿತ್ಸೆಗೆ, ಬೇರೆ ದುಡಿಮೆಗೆ ಹೋಗಬೇಕೆಂದು ನಾವು ಕೇಳಬೇಕಾಗಿತ್ತು. ಕೇಳಲಿಲ್ಲ.

ಕಲ್ಲು ಎಲ್ಲಿಂದ ಬರಬೇಕು ಎಂದೂ ಕೇಳಿದೆ. ಇದಕ್ಕೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಹೊಳೆಯ ಮರಳು ಉಳಿಯಲೆಂದು ಹೋರಾಡಿದವರು ನಾವೇ. ಹೊಳೆಯ ಮರಳಿನ ಬದಲಿಗೆ ಎಂ-ಸ್ಯಾಂಡ್ ಬಂತು. ಅದು ಬರುವುದು ಬೆಟ್ಟ ಪುಡಿಯಾದಾಗ. ಕಾವೇರಿ, ಹೇಮಾವತಿಯ ಒಡಲಿನಿಂದ ತೆಗೆದ ಭಾರವನ್ನು ನಾವು ಅರಿಯದೆಯೇ ಬೆಟ್ಟದ ಮೇಲೆ ಹೇರಿದೆವು. ಇಷ್ಟನ್ನು ಮಾತ್ರ ಹೇಳಬಲ್ಲೆ: ಊರ ಮನೆಗೆ ಬೇಕಾದ ಕಲ್ಲು ಬೇರೆ, ದೂರದ ನಗರಕ್ಕೆ ಹಗಲಿರುಳು ಸಾಗುವ ಟಿಪ್ಪರ್‌ಗಳ ಕಲ್ಲು ಬೇರೆ. ಎಲ್ಲಿ ತೆಗೆಯಬಹುದು, ಎಷ್ಟು ತೆಗೆಯಬಹುದು, ಯಾವ ಬೆಟ್ಟವನ್ನು ಮುಟ್ಟಲೇಬಾರದು ಎಂದು ಗ್ರಾಮಸಭೆಯಲ್ಲಿ ಕುಳಿತು ನಿರ್ಧರಿಸುವ ಕೆಲಸ ಬಾಕಿಯಿದೆ. ಕುಂತಿಬೆಟ್ಟ, ಕರಿಘಟ್ಟ, ಮೇಲುಕೋಟೆಯ ಸಾಲು, ನಾರಾಯಣದುರ್ಗ ಇವುಗಳ ಸುತ್ತಲ ಹಳ್ಳಿಗಳು ಈ ಲೆಕ್ಕವನ್ನು ತಾವೇ ಮಾಡಬೇಕು. ಆ ಲೆಕ್ಕದಲ್ಲಿ ನಿನ್ನಂಥವನು ಇರಲೇಬೇಕು.

ಬಳಗದ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಭೆಯಿಂದ ಒಬ್ಬರು ಪುಸ್ತಕ ಹಿಡಿದು ಕುಳಿತು, ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಉತ್ತರ ಗೊತ್ತಿದ್ದರೆ ಹೇಳೋಣ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಮುಂದಿನ ಸಭೆಗೆ ತಿಳಿದುಕೊಂಡು ಬರೋಣ. ಕೇಳಿದವರು ಯಾರ ಕಡೆಯವರು ಎಂಬ ಅಂಕಣ ಆ ಪುಸ್ತಕದಲ್ಲಿ ಬೇಡ.